ಒಂದೇ ಕಡೆಯ ಕೊಂಡಿಗಳು

ಸವಿತಾಳ ಮನೆಯಲ್ಲಿ ಸುತ್ತಿಗೆ ಇರಲಿಲ್ಲ. ಅಡಕೊತ್ತಿನ ಹಿಂಬದಿಯಿಂದ ದಬ್ಬಣದ ತಲೆಯ ಮೇಲೆ ಬಡಿಯುತ್ತಿದ್ದಳು. ದಬ್ಬಣದ ತುದಿ ವಾಚಿನ ಸ್ಟೀಲ್ ಚೈನಿನ ಒಂದು ಕೊಂಡಿಯ ತೂತಿನಲ್ಲಿತ್ತು. ವಾಚು ಆಕೆಯ ಮಾವ ನೀಲಪ್ಪನ ಎಡಗೈಯಲ್ಲಿತ್ತು. ನೀಲಪ್ಪ ಸತ್ತು ಎರಡು ತಾಸಾಗಿತ್ತು.

ಹೆಣದ ಕೈಯನ್ನು ಹೊರಸಿನ ಅಂಚಿನಿಂದ ಕೆಳಗೆ ಇಳಿಬಿಟ್ಟು, ಚೈನು ಜಾರದ ಹಾಗೆ ಗಂಡ ಫಕ್ಕೀರೇಶ ಹಿಡಿದುಕೊಂಡಿದ್ದ. ಬಿಚ್ಚಿದರೂ ಚೈನಿನ ಎರಡು ತುದಿ ಬೇರೆಯಾಗದ ಮಡಿಚುವ ಬಕಲ್ಲು, ಅದನ್ನು ಬಿಚ್ಚಿಯಾಗಿತ್ತು. ಆದರೂ ಚೈನು ಅಂಗೈ ದಾಟುತ್ತಿರಲಿಲ್ಲ. ಕಡೆಯ ನಾಲ್ಕು ದಿನ ಮುದುಕನ ಕೈಕಾಲಿಗೆ ನೀರು ತುಂಬಿ ಬಾವು ಬಂದಿತ್ತು. ಎಣ್ಣೆ ಹಚ್ಚಿ ಎಳೆದು ನೋಡಿದ್ದರು, ಸೋಪಿನ ನೀರು ಸುರಿದು ನೋಡಿದ್ದರು. ಇನ್ನು ಒಂದು ಪಿನ್ನು ಹೊಡೆದು ಚೈನನ್ನೇ ಎರಡು ಮಾಡುವುದೊಂದು ಉಳಿದಿತ್ತು.

ಇರಲಿ ಬಿಡು ಎಂದು ಫಕ್ಕೀರೇಶ ಎರಡು ಸಲ ಹೇಳಿದ. ಸವಿತಾ ಕೇಳಲಿಲ್ಲ. ಮಠದ ಅಯ್ಯನವರು ಫೋನಿನಲ್ಲಿ ಸ್ಪಷ್ಟವಾಗಿ ಹೇಳಿದ್ದರು: ಮಣ್ಣು ಕೊಡುವಾಗ ಎಡ ಅಂಗೈಯಲ್ಲಿ ಲಿಂಗ ಇಡಬೇಕು, ಆ ಕೈಯಲ್ಲಿ ಉಂಗುರ, ದಾರ, ವಾಚು ಏನೂ ಇರಕೂಡದು, ನಾನು ಬರುವುದರೊಳಗೆ ಎಲ್ಲ ತೆಗೆದಿಡಿರಿ.

ಆರನೆಯ ಏಟಿಗೆ ಬಕಲ್ಲಿನ ಪಕ್ಕದ ಪಿನ್ನು ಹೊರಬಿದ್ದು ಫರ್ಸಿಕಲ್ಲುಗಳ ಸಂದಿಗೆ ಹೋಯಿತು. ಚೈನು ಎರಡು ತುಂಡಾಗಿ ಜೋತುಬಿತ್ತು. ವಾಚು ಇದ್ದ ಜಾಗದಲ್ಲಿ ಚರ್ಮ ಬಿಳಿಚಿಕೊಂಡಿತ್ತು. ಹೆಬ್ಬೆರಳಿನ ಕಡೆ, ಎಲುಬಿನ ಮೇಲೆ, ಎರಡು ಬೆರಳಗಲ ಕಪ್ಪಗೆ ಕಂದಿ ನಡುವೆ ಸಿಪ್ಪೆ ಎದ್ದಿತ್ತು. ಸವಿತಾ ಅದಕ್ಕೆ ಎಣ್ಣೆ ಸವರಿದಳು. ಕೈಯನ್ನು ಎದೆಯ ಮೇಲಿಟ್ಟು ಮೇಲೆ ಶಾಲು ಎಳೆದಳು. ವಾಚನ್ನು ಗೋಡೆಯ ಮಾಡದಲ್ಲಿಟ್ಟು ಒಳಗೆ ಹೋದಳು.

ಆಕೆಗೆ ಅಳು ಬರಲಿಲ್ಲ, ಹಸಿವಾಗಿತ್ತು. ಮಂದಿ ಬರಲು ಶುರುವಾದರೆ ಸಂಜೆಯವರೆಗೆ ಬಾಯಿಗೆ ಏನೂ ಇಲ್ಲ ಎಂಬುದು ಗೊತ್ತಿತ್ತು. ಹೋದ ವಾರ ಸವಣೂರಿನಿಂದ ಬಂದಾಗ ಮಾವನ ಅಕ್ಕ ಶೇಖವ್ವ ತಂದಿದ್ದ ಖಾರಾದ ಪೊಟ್ಟಣ ಡಬ್ಬಿಯಲ್ಲಿತ್ತು. ಬಾಗಿಲ ಹಿಂದೆ ನಿಂತು ಎರಡು ಮುಷ್ಟಿ ತಿಂದು ನೀರು ಕುಡಿದಳು.

*

ನೀಲಪ್ಪ ಬಂಕಾಪುರದ ಒಂದು ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ಶಿಪಾಯಿ ಆಗಿದ್ದ. ಅವನ ಮುಖ್ಯ ಕೆಲಸ ಗಂಟೆ ಹೊಡೆಯುವುದು. ವರಾಂಡದಲ್ಲಿ ನೇತುಹಾಕಿದ್ದ ರೈಲು ಕಂಬಿಯ ತುಂಡಿಗೆ ದಿನಕ್ಕೆ ಹನ್ನೊಂದು ಸಲ ಬಡಿಯಬೇಕಿತ್ತು. ಕೆಲಸಕ್ಕೆ ಸೇರಿದ ಎರಡನೆಯ ವರ್ಷ, ಗಂಟೆ ನಾಲ್ಕು ನಿಮಿಷ ತಡವಾಯಿತೆಂದು ಹೆಡ್ ಮಾಸ್ತರರು ಎಲ್ಲರೆದುರು ಬೈದರು. ಅವನು ಆ ಭಾನುವಾರವೇ ಹುಬ್ಬಳ್ಳಿಗೆ ಹೋಗಿ ಚಾವಿ ಕೊಡುವ ವಾಚು ಕೊಂಡು ತಂದ. ಅದರಾಚೆಗೆ ಅವನ ಬಗ್ಗೆ ಹೇಳುವಂಥದ್ದು ಹೆಚ್ಚೇನೂ ಇಲ್ಲ. ಕುಡಿಯುತ್ತಿರಲಿಲ್ಲ. ಮಕ್ಕಳಿಬ್ಬರ ಮದುವೆ ಮಾಡಿದ. ಹೆಂಡತಿ ಸತ್ತ ಮೇಲೆ ತನ್ನ ಬಟ್ಟೆ ತಾನೇ ಒಗೆದುಕೊಳ್ಳುತ್ತಿದ್ದ.

ಮೂರು ವರ್ಷದ ಹಿಂದೆ ಲಕ್ವಾ ಹೊಡೆದು ಬಲಭಾಗ ಹೋಯಿತು. ಮಾತೂ ಹೋಯಿತು. ಉಳಿದದ್ದು ಎಡಗೈ ಮತ್ತು ಅದರಲ್ಲಿದ್ದ ವಾಚು. ಬೆಳಿಗ್ಗೆ ಎದ್ದ ಕೂಡಲೇ ಸವಿತಾ ಚಾವಿ ಕೊಡಬೇಕು. ಹತ್ತೂವರೆಗೆ ಅವನು ಹೊರಸಿನ ಪಟ್ಟಿಗೆ ಬೆರಳಗಂಟಿನಿಂದ ಬಡಿಯುತ್ತಿದ್ದ. ಅಲ್ಲಿಂದ ಮುಂದೆ ಪಿರೀಡಿಗೊಂದು ಬಡಿತ. ಭಾನುವಾರ ಬಡಿಯುತ್ತಿರಲಿಲ್ಲ. ಗೋಡೆಯ ಗಡಿಯಾರದ ಶೆಲ್ಲು ಮುಗಿದು ಎಷ್ಟೋ ತಿಂಗಳಾದರೂ ಸವಿತಾ ಬೇರೆ ಹಾಕಿಸಲಿಲ್ಲ.

ಮುದುಕ ತೆಳ್ಳಗಾಗುತ್ತ ಹೋದ. ವಾಚು ಮುಂಗೈಯಿಂದ ಜಾರಿ ಮೊಣಕೈಗೆ ಹೋಗತೊಡಗಿತು. ಆಗ ಅವನು ಗಂಟಲಿನಿಂದ ಕರುವಿನಂಥ ಒಂದು ದನಿ ತೆಗೆಯುತ್ತಿದ್ದ. ಸರಿಮಾಡಿಸಲು ಫಕ್ಕೀರೇಶ ಅದನ್ನು ಬಿಚ್ಚಿ ಪೇಟೆಗೆ ಒಯ್ಯಲು ನೋಡಿದರೆ, ಅವನು ಓಣಿ ದಾಟುವವರೆಗೂ ಅದೇ ದನಿ. ಮನೆಯಲ್ಲೇ, ಮುದುಕನ ಕಣ್ಣೆದುರಿಗೇ ಮಾಡಬೇಕಾಯಿತು. ಫಕ್ಕೀರೇಶ ಟಂಟಂ ಆಟೋ ಓಡಿಸುತ್ತಾನೆ, ಶಿಗ್ಗಾಂವಿಯ ಕಾಳಿನ ಪೇಟೆಯ ಬಾಡಿಗೆ. ಬೆಳಿಗ್ಗೆ ಹೋದರೆ ಸಂಜೆಯೇ ಬರುವುದು. ಹಾಗಾಗಿ ಕೆಲಸ ಸವಿತಾಳ ಪಾಲಿಗೆ ಬಂತು.

ಆಕೆ ಮೊಬೈಲಿನಲ್ಲಿ ಒಂದು ವಿಡಿಯೋ ಹುಡುಕಿದಳು. ಅದರಲ್ಲಿದ್ದವನು ಹಿಂದಿಯಲ್ಲಿ ಮಾತಾಡುತ್ತಿದ್ದ. ಕೊಂಡಿಯ ಒಳಮೈಯಲ್ಲಿ ಬಾಣದ ಗುರುತು ಇರುತ್ತದೆ, ಪಿನ್ನು ಬಾಣದ ದಿಕ್ಕಿಗೆ ಹೊರಬರುತ್ತದೆ, ಹಾಕುವಾಗ ಎದುರು ದಿಕ್ಕಿನಿಂದ ಹಾಕಬೇಕು. ಇಷ್ಟು ತೋರಿಸಿದ್ದು ತಿಳಿಯಿತು. ಕಡೆಯಲ್ಲಿ ಅವನು 'ದೋನೋ ತರಫ್ ಬರಾಬರ್', ಎರಡೂ ಕಡೆ ಸಮ, ಎಂದು ಒತ್ತಿ ಹೇಳಿದ. ಪಿನ್ನಿನ ಎರಡೂ ತುದಿ ಹೊರಗೆ ಚಾಚದೆ ಸಮನಾಗಿರಬೇಕು ಎಂದು ಸವಿತಾ ತಿಳಿದಳು. ಗುಂಡುಸೂಜಿಯಿಂದ ಒತ್ತಿದಳು, ಅದು ಬಾಗಿತು. ದಬ್ಬಣದ ತುದಿಯನ್ನು ಕಲ್ಲಿಗೆ ಉಜ್ಜಿ ಮೊಂಡು ಮಾಡಿದಳು. ಈಳಿಗೆಮಣೆಯ ಸೀಳಿನ ಮೇಲೆ ಚೈನು ನಿಲ್ಲಿಸಿ ಹೊಡೆದಳು. ಪಿನ್ನು ಸೀಳಿನೊಳಗೆ ಇಳಿಯಿತು. ಕೊಂಡಿ ತೆಗೆದು ಮತ್ತೆ ಜೋಡಿಸಿ ಪಿನ್ನಿನ ಎರಡೂ ತುದಿಯನ್ನು ಉಗುರಿನಿಂದ ಸವರಿ ನೋಡಿದಳು. ಸಮನಾಗಿತ್ತು. ನೀಲಪ್ಪ ಕೈ ಮೇಲೆತ್ತಿ ವಾಚು ಜಾರುವುದಿಲ್ಲವೆಂದು ನೋಡಿ, ಅವಳ ನೆತ್ತಿ ಮುಟ್ಟಿದ.

ಮೂರು ವರ್ಷದಲ್ಲಿ ಹಾಗೆ ಐದು ಕೊಂಡಿ ತೆಗೆದಳು. ಚೈನಿನ ಒಂದು ಕಡೆಯ ಪಿನ್ನುಗಳು ತುಕ್ಕು ಹಿಡಿದು ಅಲ್ಲಾಡುತ್ತಿರಲಿಲ್ಲ. ಇನ್ನೊಂದು ಕಡೆಯವು ಸಲೀಸಾಗಿ ಬರುತ್ತಿದ್ದವು. ಬರುವ ಕಡೆಯಿಂದಲೇ ತೆಗೆದಳು.

*

ಹನ್ನೊಂದಕ್ಕೆ ಪಡಸಾಲೆ ತುಂಬಿತ್ತು. ನೀಲಪ್ಪನಿಗೆ ಸ್ನಾನ ಮಾಡಿಸಿ, ಮಣೆಯ ಮೇಲೆ ಗೋಡೆಗೆ ಆನಿಸಿ ಕೂರಿಸಿ, ಹಣೆಗೆ ಸುತ್ತಿದ ಬಟ್ಟೆಯನ್ನು ಕಿಟಕಿಯ ಸರಳಿಗೆ ಬಿಗಿದಿದ್ದರು. ಭಜನೆಯವರು ಮೂವರೇ ಬಂದಿದ್ದರು. ಕಟ್ಟೆಯ ಮೇಲೆ ಗಂಡಸರು ಮಳೆಯ ಬಗ್ಗೆ, ಬಸ್ಸಿನ ಬಗ್ಗೆ ಮಾತಾಡುತ್ತಿದ್ದರು. ನೀಲಪ್ಪ ಪುಣ್ಯವಂತ, ನರಳದೆ ಹೋದ ಎಂದು ಒಬ್ಬರು ಹೇಳಿದರು. ಮೂರು ವರ್ಷ ಮಲಗಿದ್ದನ್ನು ಅವರು ಮರೆತಿದ್ದರು.

ಮಗಳು ಮಂಜುಳಾ ಹಿರೇಕೆರೂರಿನಿಂದ ಹಾನಗಲ್ಲ ಮೇಲೆ ಹಾದು ಬಂದಳು, ಎರಡು ಬಸ್ಸು ಬದಲಿಸಿ. ಜೊತೆಗೆ ಗಂಡ ಜಗದೀಶ. ಅಪ್ಪನ ಕಾಲು ಹಿಡಿದು ಅತ್ತು ದಣಿದ ಮೇಲೆ ಪಕ್ಕದಲ್ಲೇ ಕೂತಳು. ಅಯ್ಯನವರಿಗೆ ಅವಸರವಿತ್ತು. ಮೂರು ಗಂಟೆಗೆ ಶಿಗ್ಗಾಂವಿಯಲ್ಲಿ ಇನ್ನೊಂದು ಕಡೆ ಹೋಗಬೇಕಿತ್ತು. ಹೆಣದ ಎಡಗೈ ಹೊರಗೆ ತೆಗೆದು, ಸೆಟೆದಿದ್ದ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಅಂಗೈ ಮೇಲಾಗಿಸಿ ತೊಡೆಯ ಮೇಲಿಟ್ಟರು. ಆಗ ಮುಂಗೈ ಎಲ್ಲರಿಗೂ ಕಂಡಿತು.

ಇದೇನು ಗಾಯ ಎಂದು ಅಯ್ಯನವರು ಸಹಜವಾಗಿಯೇ ಕೇಳಿದರು. ಶೇಖವ್ವ ಬಗ್ಗಿ ನೋಡಿದಳು. ಅವಳಿಗೆ ಎಪ್ಪತ್ತೆಂಟು ವರ್ಷ, ಕಣ್ಣು ಚೆನ್ನಾಗಿತ್ತು. ದನ ಕಟ್ಟಿದ ಹಗ್ಗ ಒತ್ತಿದರೆ ಹೀಗೇ ಆಗುತ್ತದೆ ಎಂದು ಪಕ್ಕದವಳಿಗೆ ಹೇಳಿದಳು. ಮೆಲ್ಲಗೆ ಹೇಳಿದರೂ ಭಜನೆ ಆಗಷ್ಟೇ ನಿಂತಿತ್ತು.

ಮಂಜುಳಾ ಆ ಕೈಯನ್ನು ತನ್ನ ಕೈಯಲ್ಲಿ ತೆಗೆದುಕೊಂಡಳು. ತಿರುಗಿಸಿ ನೋಡಿದಳು. ಆಮೇಲೆ ತಲೆ ಎತ್ತಿ, ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಸವಿತಾಳನ್ನು ನೋಡಿದಳು.

"ವೈನಿ, ಅಪ್ಪನ ಕೈ ಕಟ್ಟತಿದ್ರೇನು?"

ಅಲ್ಲಾಡುವ ಕೈ ಅದೊಂದೇ ಇತ್ತು ಎಂಬುದು ಎಲ್ಲರಿಗೂ ಗೊತ್ತಿತ್ತು.

"ಅದು ವಾಚಿಂದು," ಎಂದಳು ಸವಿತಾ.

"ನಾ ಕೇಳಿದ್ದು ಅದಲ್ಲ. ಕಟ್ಟತಿದ್ರೋ ಇಲ್ಲೋ, ಅಷ್ಟ ಹೇಳ್ರಿ."

ಸವಿತಾ ಮತ್ತೆ ಅದನ್ನೇ ಹೇಳಿದಳು. ಇಲ್ಲ ಎಂದು ಹೇಳಲಿಲ್ಲ. ಅವಳು ಹೇಳದ್ದನ್ನು ಪಡಸಾಲೆಯಲ್ಲಿದ್ದ ಎಲ್ಲರೂ ಗಮನಿಸಿದರು.

*

ಒಂದೂವರೆ ವರ್ಷದ ಹಿಂದೆ ನೀಲಪ್ಪನಿಗೆ ನುಂಗುವುದು ಕಷ್ಟವಾಗಿ ದವಾಖಾನೆಯವರು ಮೂಗಿನಲ್ಲಿ ನಳಿಗೆ ಹಾಕಿ ಕಳಿಸಿದ್ದರು. ಗಂಜಿ, ಹಾಲು, ಅರೆದ ಗುಳಿಗೆ, ಎಲ್ಲ ಅದರಲ್ಲೇ. ಅವನು ಅದನ್ನು ಕಿತ್ತ. ಫಕ್ಕೀರೇಶ ಬಾಡಿಗೆ ಬಿಟ್ಟು ಟಂಟಂನಲ್ಲಿ ಮಲಗಿಸಿಕೊಂಡು ಹೋಗಿ ಹಾಕಿಸಿ ತಂದ. ಎರಡನೆಯ ದಿನ ಮತ್ತೆ ಕಿತ್ತ. ಮೂರನೆಯ ಸಲ ಹಾಕುವಾಗ ಮೂಗಿನಿಂದ ರಕ್ತ ಬಂತು. ಅಲ್ಲಿದ್ದ ಆಯಾ ಸವಿತಾಳನ್ನು ಪಕ್ಕಕ್ಕೆ ಕರೆದು, ಆ ಕೈಯನ್ನು ಮಂಚಕ್ಕೆ ಕಟ್ಟು, ಎಲ್ಲರೂ ಕಟ್ಟುತ್ತಾರೆ ಎಂದಳು.

ಸವಿತಾ ಕಟ್ಟಲಿಲ್ಲ, ಪಕ್ಕದಲ್ಲಿ ಕೂತು ಕಾಯ್ದಳು. ಮೂರು ದಿನ ಅವಳಿಗೆ ನಿದ್ದೆಯಿಲ್ಲ. ನಾಲ್ಕನೆಯ ದಿನ ಮಧ್ಯಾಹ್ನ ಒಲೆಯ ಮುಂದೆ ಕೂತಲ್ಲೇ ತೂಕಡಿಸಿ ಸೀರೆಯ ಸೆರಗಿನ ತುದಿ ಸುಟ್ಟುಕೊಂಡಳು. ಬೆಂಕಿ ಆರಿಸಿ, ಹಳೆಯ ಮೆತ್ತನೆಯ ಒಂದು ಸೀರೆ ಹರಿದು, ಮುದುಕನ ಎಡಗೈಗೆ ಸುತ್ತಿ ಹೊರಸಿನ ಪಟ್ಟಿಗೆ ಕಟ್ಟಿದಳು. ಎರಡು ಬೆರಳು ಹೋಗುವಷ್ಟು ಸಡಿಲ ಬಿಟ್ಟಳು. ವಾಚಿನ ಮುಖ ಅವನಿಗೆ ಕಾಣುವ ಹಾಗೆ ತಿರುಗಿಸಿಟ್ಟಳು. ನೀಲಪ್ಪ ದನಿ ತೆಗೆಯಲಿಲ್ಲ. ಅವಳನ್ನೇ ನೋಡಿದ. ಅವಳು ನೆಲದ ಮೇಲೆ ಮಲಗಿದಳು.

ಎದ್ದಾಗ ಒಂದು ತಾಸಾಗಿತ್ತು. ಬಿಚ್ಚಿದಳು. ಕೈ ಮೇಲೆ ಗೆರೆಯೂ ಇರಲಿಲ್ಲ. ಮುಂದಿನ ವಾರ ಅವನು ಮತ್ತೆ ನಳಿಗೆ ಕಿತ್ತ. ಆಮೇಲೆ ಯಾರೂ ಹಾಕಿಸಲಿಲ್ಲ. ಸವಿತಾ ಚಮಚದಲ್ಲಿ, ಒಂದು ಊಟಕ್ಕೆ ಒಂದೂವರೆ ತಾಸು, ಉಣ್ಣಿಸತೊಡಗಿದಳು. ಕಟ್ಟಿದ್ದನ್ನು ಗಂಡನಿಗೂ ಹೇಳಲಿಲ್ಲ.

*

ವಾಚು ಹಾಕಿದ ಕೈಗೆ ಸುತ್ತಲೂ ಗುರುತು ಬೀಳಬೇಕು, ಒಂದೇ ಕಡೆ ಯಾಕೆ ಬಿದ್ದಿದೆ ಎಂದು ಜಗದೀಶ ಕೇಳಿದ. ಬಕಲ್ಲು ಒತ್ತಿದೆ ಎಂದಳು ಸವಿತಾ. ಕೇಳಿದ್ದೇ ತಡ, ಪಡಸಾಲೆಯಲ್ಲಿ, ಕಟ್ಟೆಯ ಮೇಲೆ, ವಾಚು ಕಟ್ಟಿದ್ದ ಗಂಡಸರೆಲ್ಲ ಒಮ್ಮೆಲೇ ತಮ್ಮ ತಮ್ಮ ಕೈ ಮಗುಚಿ ನೋಡಿಕೊಂಡರು. ಅಯ್ಯನವರೂ ನೋಡಿಕೊಂಡರು. ಎಲ್ಲರ ಬಕಲ್ಲೂ ಮುಂಗೈಯ ಕೆಳಗೆ, ನಟ್ಟನಡುವೆ ಇತ್ತು. ನೀಲಪ್ಪನ ಗಾಯ ನಡುವೆ ಇರಲಿಲ್ಲ, ಹೆಬ್ಬೆರಳಿನ ಪಕ್ಕದಲ್ಲಿತ್ತು.

ಸವಿತಾ ಮಾಡದಿಂದ ವಾಚು ತಂದು ಕೊಟ್ಟಳು. ಎರಡು ತುಂಡಾಗಿ ಜೋತಾಡುತ್ತಿದ್ದ ಚೈನನ್ನು ನೋಡಿ ಮಂಜುಳಾ, ಇದನ್ನು ಇವತ್ತು ಯಾಕೆ ಮುರಿದಿರಿ ಎಂದು ಕೇಳಿದಳು. ಅದಕ್ಕೆ ಉತ್ತರ ಇತ್ತು. ಆದರೆ ಈಗ ಯಾವ ಉತ್ತರ ಹೇಳಿದರೂ ಮುಚ್ಚಿಹಾಕಿದಂತೆ ಕೇಳುತ್ತದೆ ಎಂದು ಸವಿತಾಳಿಗೆ ಅನಿಸಿತು. ಜಗದೀಶ ಮೊಬೈಲು ತೆಗೆದು ಗಾಯದ ಎರಡು ಫೋಟೋ ಹೊಡೆದುಕೊಂಡ. ಅವರ ಮನೆತನದ ಗ್ರೂಪಿನಲ್ಲಿ ತೊಂಬತ್ತು ಮಂದಿ ಇದ್ದರು.

ಸವಿತಾ ಗಂಡನ ಕಡೆ ನೋಡಿದಳು. ಫಕ್ಕೀರೇಶ ಕಂಬಕ್ಕೆ ಆತು ನಿಂತಿದ್ದ. ಅವನು ನಿನ್ನೆಯೂ, ಮೊನ್ನೆಯೂ, ಮೂರು ವರ್ಷವೂ ಬೆಳಿಗ್ಗೆ ಹೋಗಿ ಸಂಜೆ ಬಂದವನು. ನಡುವೆ ಏನಾಯಿತೆಂದು ಅವನಿಗೆ ಗೊತ್ತಿರಲಿಲ್ಲ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ. ಅವನು ತಾನು ಮನೆಯಲ್ಲಿಲ್ಲದ ಹೊತ್ತನ್ನು ಲೆಕ್ಕ ಹಾಕುತ್ತಿದ್ದ. ಅದನ್ನು ನೋಡಿದ ಮೇಲೆ ಸವಿತಾಳಿಗೆ ಮುಂದಿನದು ಕಂಡಿತು. ಹೆಣ ಎತ್ತಿಬಿಟ್ಟರೆ ಮುಗಿಯಿತು. ಕೈ ಮಣ್ಣಿನೊಳಗೆ ಹೋಗುತ್ತದೆ, ಫೋಟೋ ಮೇಲೆ ಉಳಿಯುತ್ತದೆ. ಮಾವನ ಕೈ ಕಟ್ಟಿ ಕೊಂದವಳೆಂದು ಸಾಯುವವರೆಗೆ ಅನಿಸಿಕೊಳ್ಳಬೇಕು.

ಅಷ್ಟರಲ್ಲಿ ರಮೀಜ ಹೂವಿನ ಹಾರ ಹಿಡಿದು ಬಂದ. ಬಂಕಾಪುರದ ಪೇಟೆಯಲ್ಲಿ ಅವನದು ವಾಚು ರಿಪೇರಿ ಅಂಗಡಿ. ಈಗ ಮೊಬೈಲೂ ಮಾಡುತ್ತಾನೆ. ನೀಲಪ್ಪ ಗಂಟೆ ಹೊಡೆಯುತ್ತಿದ್ದ ಶಾಲೆಯಲ್ಲೇ ಓದಿದವನು, ಐವತ್ತರ ಹತ್ತಿರದ ವಯಸ್ಸು. ನೀಲಪ್ಪ ಓಡಾಡುವಷ್ಟು ದಿನ ಭಾನುವಾರಕ್ಕೊಮ್ಮೆ ಅವನ ಅಂಗಡಿಯಲ್ಲಿ ಕೂತು ರೇಡಿಯೋ ಟೈಮಿಗೆ ವಾಚು ಹೊಂದಿಸಿಕೊಂಡು ಹೋಗುತ್ತಿದ್ದ. ಹಾರ ಹಾಕಿ ಕೈಮುಗಿದು ಹಿಂದೆ ಸರಿಯುವಾಗ ರಮೀಜ ಸುತ್ತಲಿನ ಮುಖಗಳನ್ನು ನೋಡಿದ. ಕಟ್ಟೆಯ ಮೇಲಿದ್ದವನೊಬ್ಬ ಅವನ ಕಿವಿಯಲ್ಲಿ ವಿಷಯ ಹೇಳಿದ.

ರಮೀಜ ಗಾಯ ನೋಡಿದ. ವಾಚು ಕೇಳಿ ತೆಗೆದುಕೊಂಡ. ಕುಕ್ಕರಗಾಲಿನಲ್ಲಿ ಕೂತು, ಅಂಗಡಿಯ ಮೇಜಿನ ಮೇಲೆ ಇಟ್ಟ ಹಾಗೆ ನೆಲದ ಮೇಲೆ ಅಂಗಾತ ಇಟ್ಟು, ಎರಡೂ ತುಂಡನ್ನು ಉದ್ದಕ್ಕೆ ಚಾಚಿದ. ಒಂದು ಕಡೆ ಉದ್ದ, ಒಂದು ಕಡೆ ಗಿಡ್ಡ.

"ಕೊಂಡಿ ಯಾರು ತಗದದ್ದು?"

"ನಾನರಿ, ರಮೀಜಣ್ಣ," ಎಂದಳು ಸವಿತಾ.

"ಎಷ್ಟು?"

"ಐದು."

"ಐದೂ ಒಂದ ಕಡೆಯಿಂದ?"

"ಆ ಕಡೆಯವು ಬರ್ತಿದ್ದಿಲ್ಲರಿ. ಬರೂ ಕಡೆಯಿಂದ ತಗದೆ."

"ಯಾರ ಕಲಿಸಿದ್ರು ನಿನಗ?"

ಸವಿತಾ ವಿಡಿಯೋದ ಬಗ್ಗೆ ಹೇಳಿದಳು. ಎರಡೂ ಕಡೆ ಬರಾಬರ್ ಇರಬೇಕು ಎಂದು ಅವನು ಹೇಳಿದ್ದನ್ನೂ, ತಾನು ಪ್ರತಿ ಸಲ ಪಿನ್ನಿನ ಎರಡೂ ತುದಿ ಉಗುರಿನಿಂದ ಸವರಿ ನೋಡುತ್ತಿದ್ದುದನ್ನೂ ಹೇಳಿದಳು. ರಮೀಜ ತಲೆ ಕೆಳಗೆ ಹಾಕಿದ. ಅವನ ಹೆಗಲು ಅಲುಗಿದವು. ಸಾವಿನ ಮನೆಯಲ್ಲಿ ನಗಬಾರದೆಂದು ತಡೆದುಕೊಳ್ಳುತ್ತಿದ್ದ.

"ಪಿನ್ನಿನ ತುದಿ ಅಲ್ಲ ತಂಗಿ. ಈ ಕಡೆ ಎಷ್ಟ ಕೊಂಡಿ ತಗೀತೀಯೋ ಆ ಕಡೇನೂ ಅಷ್ಟ ತಗೀಬೇಕಂತ ಹೇಳ್ಯಾನ ಅಂವ. ಇಲ್ಲಂದ್ರ ಬಕಲ್ಲು ನಡು ಬಿಟ್ಟು ಮಗ್ಗಲಿಗೆ ಬರತೈತಿ. ಬಂದು ಎಲುಬಿನ ಮ್ಯಾಲ ಕುಂದರತೈತಿ."

ಅವನು ವಾಚನ್ನು ಮಂಜುಳಾಳ ಕೈಗೆ ಕೊಟ್ಟ. ತಾನು ಇಡಲಿಲ್ಲ. ಕೈ ಮಗುಚಿ, ಡಯಲ್ಲು ಮೇಲೆ ಬರುವ ಹಾಗೆ ಅಪ್ಪನ ಮುಂಗೈಯ ಮೇಲೆ ನೀನೇ ಇಡು, ಗಿಡ್ಡ ತುಂಡನ್ನು ಹೆಬ್ಬೆರಳಿನ ಕಡೆ ಬಿಡು, ಅಷ್ಟೇ ಎಂದ. ಮಂಜುಳಾ ಇಟ್ಟಳು. ಬಾವಿನ ಕಾರಣ ಚೈನಿನ ಎರಡು ತುದಿ ಕೂಡಲಿಲ್ಲ, ಕೂಡಬೇಕಾಗಿಯೂ ಇರಲಿಲ್ಲ. ಗಿಡ್ಡ ತುಂಡು ಮುಂಗೈಯ ಅಂಚು ದಾಟುತ್ತಲೇ ಮುಗಿದು, ಅದರ ಕೊನೆಯ ಬಕಲ್ಲು ಕಪ್ಪು ಗಾಯದ ಮೇಲೆ ಡಬ್ಬಿಗೆ ಮುಚ್ಚಳ ಕೂತಂತೆ ಕೂತಿತು. ಬಕಲ್ಲಿನ ಎರಡು ಪಕ್ಕದ ಕಿವಿಗಳಿಗೆ ಸರಿಯಾಗಿ ಚರ್ಮದಲ್ಲಿ ಎರಡು ಕುಳಿಗಳಿದ್ದವು.

ಶೇಖವ್ವ ಮೊದಲು ನೋಡಿದಳು. ಆಮೇಲೆ ಅಯ್ಯನವರು, ಜಗದೀಶ. ಕಟ್ಟೆಯ ಮೇಲಿಂದ ಇಬ್ಬರು ಒಳಗೆ ಬಂದು ನೋಡಿಹೋದರು. ಬಾವು ಬಂದು ನಾಲ್ಕು ದಿನ ಆಗಿದ್ದರೆ ಇಷ್ಟು ಒತ್ತುವುದು ಸಹಜ, ಹಗ್ಗವಾಗಿದ್ದರೆ ಅಂಚು ಹೀಗೆ ನೆಟ್ಟಗೆ ಬರುತ್ತಿರಲಿಲ್ಲ ಎಂದು ರಮೀಜ ಹೇಳಿದ. ಜಗದೀಶ ಮೊಬೈಲು ತೆಗೆದು ಎರಡೂ ಫೋಟೋ ಅಳಿಸಿದ. ಅಳಿಸಿದ್ದನ್ನು ಹೆಂಡತಿಗೆ ತೋರಿಸಿದ.

ಸವಿತಾ ಬಾಗಿಲ ಚೌಕಟ್ಟು ಹಿಡಿದುಕೊಂಡು ಅಲ್ಲೇ ಹೊಸ್ತಿಲ ಮೇಲೆ ಕೂತಳು. ಫಕ್ಕೀರೇಶ ಒಂದು ತಂಬಿಗೆ ನೀರು ತಂದು ಅವಳ ಮುಂದಿಟ್ಟ. ಆಕೆ ಪೂರ್ತಿ ಕುಡಿದಳು.

ಬಿಗುವು ಸಡಿಲಿದ್ದೇ ಮಂದಿಗೆ ಮಾತು ಬಂತು. ರಮೀಜನಿಗೂ ಬಂತು. ತಾನು ಹತ್ತನೆಯ ಇಯತ್ತೆಯ ಗಣಿತದ ಪರೀಕ್ಷೆ ಬರೆಯುವಾಗ ನೀಲಪ್ಪ ನಾಲ್ಕು ನಿಮಿಷ ಮೊದಲೇ ಗಂಟೆ ಹೊಡೆದನೆಂದೂ, ಆ ನಾಲ್ಕು ನಿಮಿಷದಲ್ಲಿ ತಾನು ನಪಾಸಾಗಿ ವಾಚಿನ ಅಂಗಡಿ ಹಾಕಬೇಕಾಯಿತೆಂದೂ ಹೇಳಿದ. ನಾಲ್ಕು ತಾಸು ಕೊಟ್ಟಿದ್ದರೂ ನೀನು ಪಾಸಾಗುತ್ತಿರಲಿಲ್ಲ ಎಂದು ಭಜನೆಯವರಲ್ಲಿ ಒಬ್ಬ ಅಂದ. ಅವನೂ ಅದೇ ಶಾಲೆಯವನು. ಶೇಖವ್ವ ತಮ್ಮನ ಮುಖ ಒರೆಸುತ್ತ ಅವನಿಗೇ ಹೇಳುವಂತೆ ಹೇಳಿದಳು:

"ಕಡೀಕೂ ಮಂದೀನ್ನ ಸಾಲು ಹಚ್ಚಿ ನಿಲ್ಲಿಸಿದಿ ನೋಡು, ಸಾಲಿ ಶಿಪಾಯಿ."

ಹೊತ್ತಾಯಿತು, ಏಳಿರಿ ಎಂದರು ಅಯ್ಯನವರು.

*

ಹೆಣ ಎತ್ತಿದ ಮೇಲೆ ಮನೆ ತೊಳೆಯಬೇಕು. ಮೆರವಣಿಗೆ ಓಣಿ ದಾಟುವ ಮುಂಚೆಯೇ ಸವಿತಾ ಸೀರೆ ಎತ್ತಿ ಕಟ್ಟಿಕೊಂಡು ಶುರುಮಾಡಿದಳು. ಹೊರಸನ್ನು ಹಿತ್ತಲಿಗೆ ಎಳೆದು ನಿಲ್ಲಿಸಿದಳು. ರಬ್ಬರ್ ಹಾಸು, ಗಾದಿ, ಮೂರು ದುಪ್ಪಟಿ ಒಟ್ಟುಮಾಡಿ ಹೊರಗೆ ಹಾಕಿದಳು. ಮೂರು ವರ್ಷ ಆ ಮೂಲೆಗೆ ಒಂದು ವಾಸನೆ ಇತ್ತು. ಎರಡು ಕೊಡ ನೀರು, ಫಿನಾಯಿಲು, ಮತ್ತೆ ಎರಡು ಕೊಡ. ವಾಸನೆ ಹೋಗುತ್ತಿತ್ತು. ನಾಳೆ ಬೆಳಿಗ್ಗೆ ಐದಕ್ಕೆ ಏಳಬೇಕಿಲ್ಲ ಎಂಬುದು ಅವಳಿಗೆ ನೆಲ ಉಜ್ಜುವಾಗ ತಿಳಿಯಿತು. ಉಜ್ಜುವುದನ್ನು ನಿಲ್ಲಿಸಿ ಸ್ವಲ್ಪ ಹೊತ್ತು ಹಾಗೇ ಕೂತಳು. ಅದು ಸುಖವೇ ಆಗಿತ್ತು. ಸುಖವಲ್ಲ ಎಂದು ತನಗೆ ತಾನೇ ಸುಳ್ಳು ಹೇಳಿಕೊಳ್ಳಲಿಲ್ಲ.

ಮಂಜುಳಾ ಮಣ್ಣು ಹಾಕಿ ಉಳಿದವರಿಗಿಂತ ಮೊದಲೇ ಮರಳಿದಳು. ಹಿತ್ತಲಲ್ಲಿ ಸ್ನಾನ ಮಾಡಿ, ಹಸಿ ಕೂದಲಲ್ಲೇ ಬಂದು, ಕೇಳದೆಯೇ ದುಪ್ಪಟಿಗಳನ್ನು ಒಗೆಯುವ ಕಲ್ಲಿನ ಮೇಲೆ ಹಾಕಿಕೊಂಡಳು. ಅವನ್ನು ಚೆಲ್ಲುವುದೆಂದು ಸವಿತಾ ಹೇಳಿದಳು. ಮಂಜುಳಾ ಆದರೂ ಒಗೆದಳು.

"ಅಪ್ಪನ್ನ ನನ್ನ ಕೈಯಾಗ ಕೊಟ್ಟಿದ್ರ ನಾ ದಿನಾ ಕಟ್ಟತಿದ್ದೆ, ವೈನಿ," ಎಂದಳು ಮಂಜುಳಾ, ತಲೆ ಎತ್ತದೆ. "ಮೂರು ವರ್ಷದಾಗ ನಾಕು ಸಲ ಬಂದೇನಿ. ನಾಕು ಸಲಾನೂ ಸಂಜೀ ಬಸ್ಸಿಗೆ ಹೋಗೇನಿ. ಆದ್ರೂ ಕೇಳೂ ಬಾಯಿ ನನ್ನದು."

ಸವಿತಾ ಕೊಡ ಕೆಳಗಿಟ್ಟಳು. ಸುಮ್ಮನಿರಬಹುದಿತ್ತು. ಎಲ್ಲ ಮುಗಿದಿತ್ತು, ಗೆದ್ದಾಗಿತ್ತು.

"ಒಂದ ಸಲ ಕಟ್ಟೇನಿ ನಾನು."

ಮಂಜುಳಾಳ ಕೈ ನಿಂತಿತು.

"ಎಷ್ಟೊತ್ತು?"

"ಒಂದು ತಾಸು. ಸೀರೀ ತುಂಡಿಲೆ. ಮೂಗಿನ ನಳಿಗಿ ಕೀಳತಿದ್ರು. ನನಗ ಮೂರು ದಿನ ನಿದ್ದಿ ಇದ್ದಿಲ್ಲ."

ಮಂಜುಳಾ ದುಪ್ಪಟಿಯನ್ನು ಬಕೆಟ್ಟಿನಲ್ಲಿ ಅದ್ದಿದಳು, ಹಿಂಡಿದಳು, ಮತ್ತೆ ಅದ್ದಿದಳು.

"ನಿದ್ದಿ ಬಂತು?"

"ಬಂತು."

"ಚಲೋ ಆತು," ಎಂದಳು ಮಂಜುಳಾ. ದುಪ್ಪಟಿಯ ಒಂದು ತುದಿಯನ್ನು ಸವಿತಾಳ ಕಡೆ ಚಾಚಿದಳು. ಇಬ್ಬರೂ ಎರಡು ತುದಿ ಹಿಡಿದು ಎದುರುಬದುರು ತಿರುವಿ ಹಿಂಡಿದರು. ನೀರು ಇಬ್ಬರ ಕಾಲ ಮೇಲೂ ಬಿತ್ತು.

*

ಸಂಜೆ ಐದಕ್ಕೆ ದೂರದ ಮಂದಿ ಹೋಗಿದ್ದರು. ನೆರೆಮನೆಯವರು ತಂದ ಅನ್ನ ಸಾರು ಉಂಡಾಗಿತ್ತು. ಸವಿತಾ ಎರಡು ಸಲ ಹಾಕಿಸಿಕೊಂಡಳು, ಅವಸರವಿಲ್ಲದೆ ಉಂಡಳು. ಶೇಖವ್ವ ಬಡಿಸಿದಳು. ಹಗ್ಗದ ಮಾತನ್ನು ಅವಳು ಮತ್ತೆ ಎತ್ತಲಿಲ್ಲ, ಮಜ್ಜಿಗೆ ಮಾತ್ರ ಕೇಳದೆಯೇ ಮತ್ತೊಂದು ಸಲ ಹಾಕಿದಳು.

ಹನ್ನೊಂದನೆಯ ದಿನದ ಶಿವಗಣಾರಾಧನೆಗೆ ಯಾರ್ಯಾರಿಗೆ ಹೇಳಬೇಕೆಂದು ಬರೆಯಲು ಫಕ್ಕೀರೇಶ ಪಟ್ಟಿ ಹಿಡಿದು ಕೂತ. ನೆನಪಿನಿಂದ ಬರೆದರೆ ಯಾರಾದರೂ ಬಿಟ್ಟುಹೋಗಿ ಮುನಿಸಿಕೊಳ್ಳುತ್ತಾರೆ ಎಂದ. ನಮ್ಮನ್ನು ಕರೆದವರನ್ನೆಲ್ಲ ಕರೆಯಬೇಕು. ಸವಿತಾ ಅಡುಗೆಮನೆಯ ಮೊಳೆಯಲ್ಲಿ ತೂಗುಹಾಕಿದ್ದ ತಂತಿ ತಂದಳು. ಮೂರು ವರ್ಷದಲ್ಲಿ ಮನೆಗೆ ಬಂದ ಕರೆಯೋಲೆಗಳನ್ನೆಲ್ಲ ಅವಳು ಅದಕ್ಕೆ ಚುಚ್ಚಿಟ್ಟಿದ್ದಳು. ಮೇಲಿನದರಿಂದ ಒಂದೊಂದೇ ಕಿತ್ತು ಹೆಸರು, ಊರು ಓದಿದಳು. ಫಕ್ಕೀರೇಶ ಬರೆದುಕೊಂಡ. ಹಾನಗಲ್ಲಿನವು ಇದ್ದವು, ಸವಣೂರಿನವು, ಹಿರೇಕೆರೂರಿನವು. ಕೆಲವಕ್ಕೆ ಅರಿಸಿನ ಇನ್ನೂ ಅಂಟಿತ್ತು.

ಇವರ ಮದುವೆಗೆ ಹೋಗಿದ್ದೆವಲ್ಲ ಎಂದು ಅವನು ನಡುವೆ ಕೇಳಿದ.

"ನೀವು ಹೋಗಿದ್ರಿ," ಎಂದಳು ಸವಿತಾ.

ಅವನು ಪೆನ್ನು ಎತ್ತಿಕೊಂಡು ಒಂದು ಗಳಿಗೆ ಅವಳನ್ನು ನೋಡಿದ. ಆಮೇಲೆ ಅಂಥ ಪ್ರಶ್ನೆ ಕೇಳಲಿಲ್ಲ. ಅವಳು ಓದುತ್ತ ಹೋದಳು. ತಂತಿ ಬರಿದಾದ ಮೇಲೆ ಓಲೆಗಳನ್ನು ಬಗೆಬಗೆಯಾಗಿ ಬೇರೆ ಬೇರೆ ಒಟ್ಟಿ, ಅಂಚು ಕುಟ್ಟಿ ಸಮಮಾಡಿ, ಎಣಿಸಿದಳು. ಮದುವೆ ಹದಿನಾಲ್ಕು, ಅದರಲ್ಲಿ ಒಂದು ಅವಳ ಸ್ವಂತ ತಂಗಿಯದು. ವಾಸ್ತುಶಾಂತಿ ಐದು. ತೊಟ್ಟಿಲು ಮೂರು.